ಲ್ಯಾಪ್‌ಟಾಪಿನಲ್ಲಿ ಟಿಬಿ ಲಸಿಕೆ: ಅಂಕ 0.9 ಬಂದಿದೆ, ಮುಂದೇನು?

ಪ್ರಶ್ನೆ: ನಾನು ದಾವಣಗೆರೆಯಲ್ಲಿ ಎಂ.ಎಸ್ಸಿ. ಬಯೋಟೆಕ್ನಾಲಜಿ ಕೊನೇ ವರ್ಷ ಓದುತ್ತಿದ್ದೇನೆ. ಅಪ್ಪ ಮಂಡಕ್ಕಿ ಭಟ್ಟಿಯಲ್ಲಿ ಕೆಲಸ ಮಾಡುತ್ತಾರೆ. ಎರಡು ವರ್ಷದ ಹಿಂದೆ ಅವರಿಗೆ ಟಿಬಿ ಬಂತು. ಆರು ತಿಂಗಳು ಮಾತ್ರೆ ತಗೊಂಡು ವಾಸಿಯಾದರು. ಅಷ್ಟೂ ದಿನ ಪಕ್ಕದಲ್ಲೇ ಇದ್ದ ಅವ್ವನಿಗೆ ಏನೂ ಆಗಲಿಲ್ಲ. ಪ್ರಾಜೆಕ್ಟಿಗೆ ಅದಕ್ಕೇ ಟಿಬಿಯನ್ನು ಆರಿಸಿಕೊಂಡೆ. ಮೂರು ತಿಂಗಳು ಲ್ಯಾಪ್‌ಟಾಪ್ ಮುಂದೆ ಕೂತು ರೋಗಾಣುವಿನ ಪ್ರೋಟೀನುಗಳ ಹಲವು ಸಣ್ಣ ತುಣುಕುಗಳನ್ನು ಸೇರಿಸಿ ಕಟ್ಟುವ ಒಂದು ಮಲ್ಟಿ ಎಪಿಟೋಪ್ ಲಸಿಕೆ ವಿನ್ಯಾಸ ಮಾಡಿದ್ದೇನೆ. ಪ್ರೋಟೀನು ಲಸಿಕೆಗೆ ಒದಗಬಹುದಾ ಅಂತ ಊಹಿಸುವ ವ್ಯಾಕ್ಸಿಜೆನ್ ಪ್ರೋಗ್ರಾಂನಲ್ಲಿ ಅಂಕ 0.9 ಬಂದಿದೆ. ಡಾಕಿಂಗ್, ಅಂದರೆ ಎರಡು ಪ್ರೋಟೀನು ಹೇಗೆ ಅಂಟುತ್ತವೆ ಅಂತ ಕಂಪ್ಯೂಟರಿನಲ್ಲಿ ನೋಡುವುದು, ಚೆನ್ನಾಗಿ ಕೂತಿದೆ. ಜಗತ್ತಿನ ಶೇ. 98ರಷ್ಟು ಜನರಿಗೆ ಹೊಂದುತ್ತದೆ ಅಂತಲೂ ಬಂದಿದೆ. ಇದು ನಿಜವಾಗಿ ಲಸಿಕೆ ಆಗುತ್ತದಾ? ಕಂಪ್ಯೂಟರಿನಲ್ಲಿ ಇಷ್ಟು ಬೇಗ ಆಗುವುದಾದರೆ ನೂರು ವರ್ಷದ ಬಿಸಿಜಿಯನ್ನೇ ಯಾಕೆ ಇನ್ನೂ ಹಾಕುತ್ತಿದ್ದಾರೆ?

ಉತ್ತರ: ಮೊದಲು ನೇರ ಉತ್ತರ. ನೀವು ಮಾಡಿರುವುದು ಲಸಿಕೆ ಅಲ್ಲ. ಲಸಿಕೆಗೆ ಸೇರಬಹುದಾದ ತುಣುಕುಗಳ ಒಂದು ಪಟ್ಟಿ. ಬೇಜಾರು ಮಾಡಿಕೊಳ್ಳಬೇಡಿ. ಒಳ್ಳೆಯ ಪಟ್ಟಿ ಮಾಡುವುದು ಸಣ್ಣ ಕೆಲಸವಲ್ಲ. ಆದರೆ ನಿಮ್ಮ ಪಟ್ಟಿ ಒಳ್ಳೆಯದೋ ಅಲ್ಲವೋ ಅನ್ನುವುದನ್ನು ಆ 0.9 ಹೇಳುವುದಿಲ್ಲ. ಯಾಕೆ ಹೇಳುವುದಿಲ್ಲ, ಯಾರು ಹೇಳುತ್ತಾರೆ ಅನ್ನುವುದನ್ನು ಬರೆಯುತ್ತೇನೆ. ಸ್ವಲ್ಪ ಉದ್ದವಾಗುತ್ತದೆ.

ನಿಮ್ಮ ಎಡ ತೋಳಿನ ಮೇಲೆ ಒಂದು ಸಣ್ಣ ಗುಳಿ ಇರಬೇಕು, ನೋಡಿಕೊಳ್ಳಿ. ಅದೇ ಬಿಸಿಜಿ ಗುರುತು. ಕಾಲ್ಮೆಟ್ ಮತ್ತು ಗೆರಾನ್ ಅನ್ನುವ ಇಬ್ಬರು ಫ್ರಾನ್ಸಿನ ಲೀಲ್ ಊರಿನಲ್ಲಿ ಹಸುವಿನ ಟಿಬಿ ರೋಗಾಣುವನ್ನು ಆಲೂಗಡ್ಡೆ, ಪಿತ್ತರಸದ ಮೇಲೆ ಬೆಳೆಸಿದರು. 1908ರಿಂದ 13 ವರ್ಷ, 230 ಸಲ, ಒಂದು ತಟ್ಟೆಯಿಂದ ಇನ್ನೊಂದಕ್ಕೆ ದಾಟಿಸಿದರು. ಅಷ್ಟರಲ್ಲಿ ರೋಗಾಣು ಸೊರಗಿಹೋಯಿತು. 1921ರಲ್ಲಿ ಮೊದಲ ಮಗುವಿಗೆ ಕೊಟ್ಟರು. ಯಾವ ಜೀನ್ ಹೋಯಿತು, ಯಾವುದು ಉಳಿಯಿತು ಅಂತ ಅವರಿಗೆ ಗೊತ್ತಿರಲಿಲ್ಲ. ಡಿಎನ್ಎ ಹೇಗಿರುತ್ತದೆ ಅಂತ ಜಗತ್ತಿಗೇ ಗೊತ್ತಿರದ ಕಾಲ ಅದು.

ಆ ಲಸಿಕೆ ಇವತ್ತಿಗೂ ಮಕ್ಕಳನ್ನು ಮಿದುಳಿನ ಟಿಬಿಯಿಂದ, ಮೈಯೆಲ್ಲಾ ಹರಡುವ ಟಿಬಿಯಿಂದ ಕಾಪಾಡುತ್ತಿದೆ. ಅದನ್ನು ಹಗುರವಾಗಿ ಕಾಣಬಾರದು. ಆದರೆ ನಿಮ್ಮ ಅಪ್ಪನಿಗೆ ಬಂದಂಥ ದೊಡ್ಡವರ ಶ್ವಾಸಕೋಶದ ಟಿಬಿಯನ್ನು ಅದು ನಂಬಬಹುದಾದಷ್ಟು ತಡೆಯುವುದಿಲ್ಲ. ಇದು ನಮ್ಮ ದೇಶದಲ್ಲೇ ಗೊತ್ತಾದ ಮಾತು. 1968ರಲ್ಲಿ ತಮಿಳುನಾಡಿನ ಚೆಂಗಲ್ಪಟ್ಟು ಜಿಲ್ಲೆಯಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಬಹಳ ದೊಡ್ಡ ಪ್ರಯೋಗ ಶುರು ಮಾಡಿತು. ಲಕ್ಷಗಟ್ಟಲೆ ಜನರನ್ನು 15 ವರ್ಷ ನೋಡಿಕೊಂಡರು. ದೊಡ್ಡವರಲ್ಲಿ ಬಿಸಿಜಿಯಿಂದ ಲಾಭ ಕಾಣಲಿಲ್ಲ. ಹಾಗಾಗಿ ಬಿಸಿಜಿಯನ್ನೇ ಯಾಕೆ ಹಾಕುತ್ತಾರೆ ಅಂದರೆ, ಮಕ್ಕಳಿಗೆ ಅದು ಬೇಕು. ದೊಡ್ಡವರಿಗೆ ಅದಕ್ಕಿಂತ ಒಳ್ಳೆಯದು ಅಂತ ಕೊನೆಯ ಹಂತದ ಪ್ರಯೋಗ ದಾಟಿ ಬಂದದ್ದು ಇನ್ನೂ ಯಾವುದೂ ಇಲ್ಲ.

ಈಗ ಕಂಪ್ಯೂಟರಿನ ವಿಷಯಕ್ಕೆ ಬರೋಣ. 1998ರಲ್ಲಿ ಸ್ಟೂವರ್ಟ್ ಕೋಲ್ ಅವರ ತಂಡ ಟಿಬಿ ರೋಗಾಣುವಿನ ಇಡೀ ಜೀನೋಮ್ ಓದಿ ಪ್ರಕಟಿಸಿತು. 44 ಲಕ್ಷ ಅಕ್ಷರ, ಸುಮಾರು 4,000 ಜೀನುಗಳು. ಈ ರೋಗಾಣು ಒಂದು ಎರಡಾಗಲು ಹೆಚ್ಚುಕಡಿಮೆ ಒಂದು ದಿನ ಬೇಕು. ನಿಮ್ಮ ಲ್ಯಾಬಿನ ಇ. ಕೋಲಿ 20 ನಿಮಿಷದಲ್ಲಿ ಮಾಡುವ ಕೆಲಸ ಅದು. ಜೀವಂತ ಟಿಬಿ ರೋಗಾಣುವನ್ನು ಮುಟ್ಟಬೇಕಾದರೆ ವಿಶೇಷ ಭದ್ರತೆಯ ಲ್ಯಾಬ್ ಬೇಕು. ಇಂಥದ್ದನ್ನು ನಾಲ್ಕು ಸಾವಿರ ಪ್ರೋಟೀನು ಇಟ್ಟುಕೊಂಡು ಒಂದೊಂದಾಗಿ ಪರೀಕ್ಷೆ ಮಾಡಲು ಯಾರಿಗೂ ಆಗುವುದಿಲ್ಲ. ಅದಕ್ಕೇ ಕಂಪ್ಯೂಟರ್ ಬೇಕೇ ಬೇಕು. ಈ ಮಾತಿನಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಜೀನೋಮಿನಿಂದ ಲಸಿಕೆ ಹುಡುಕುವ ದಾರಿ ಒಂದು ಕಡೆ ಗೆದ್ದೂ ಇದೆ. ಇಟಲಿಯ ರಿನೋ ರಪ್ಪುಯೋಲಿ ಮತ್ತು ಅವರ ಜೊತೆಯವರು ಮಿದುಳಿನ ಪೊರೆಯ ಉರಿಯೂತ ತರುವ ಮೆನಿಂಜೈಟಿಸ್ ಬಿ ರೋಗಾಣುವಿನ ಜೀನೋಮನ್ನು ಕಂಪ್ಯೂಟರಿಗೆ ಕೊಟ್ಟು, ರೋಗಾಣುವಿನ ಮೈ ಹೊರಗೆ ಕಾಣುವ ಪ್ರೋಟೀನುಗಳನ್ನು ಆರಿಸಿದರು. ಅದರಲ್ಲಿ 350ನ್ನು ನಿಜವಾಗಿ ತಯಾರಿಸಿ ಇಲಿಗಳಿಗೆ ಚುಚ್ಚಿದರು. ಮೊದಲ ಫಲಿತಾಂಶ 2000ದಲ್ಲಿ ಬಂತು. ಯುರೋಪಿನಲ್ಲಿ ಲಸಿಕೆಗೆ ಒಪ್ಪಿಗೆ ಸಿಕ್ಕಿದ್ದು 2013ರಲ್ಲಿ. ಎಲ್ಲರೂ ಈ ಕಥೆಯ ಮೊದಲ ಅರ್ಧ ಹೇಳುತ್ತಾರೆ. ನಡುವಿನ 350 ಪ್ರೋಟೀನು ಮತ್ತು 13 ವರ್ಷವನ್ನು ಬಿಟ್ಟುಬಿಡುತ್ತಾರೆ.

ಅಷ್ಟೇ ಅಲ್ಲ. ಮೆನಿಂಜೈಟಿಸ್‌ನಲ್ಲಿ ಒಂದು ಅನುಕೂಲ ಇತ್ತು. ಲಸಿಕೆ ಹಾಕಿದವರ ರಕ್ತದ ಸೀರಂ ತೆಗೆದು ರೋಗಾಣುವಿನ ಮೇಲೆ ಹಾಕಿದರೆ ರೋಗಾಣು ಸಾಯುತ್ತದಾ ಇಲ್ಲವಾ ಅಂತ ನೋಡಬಹುದು. ಸತ್ತರೆ ಲಸಿಕೆ ಕೆಲಸ ಮಾಡುತ್ತಿದೆ. ಟಿಬಿಯಲ್ಲಿ ಅಂಥ ಅಳತೆಗೋಲೇ ಇಲ್ಲ. ಟಿಬಿ ರೋಗಾಣುವನ್ನು ನುಂಗಿ ಸಾಯಿಸಬೇಕಾದ ಮ್ಯಾಕ್ರೋಫೇಜ್ ಕೋಶದ ಒಳಗೇ ಅದು ಬಿಡಾರ ಹೂಡುತ್ತದೆ. ಕಾವಲುಗಾರನ ಮನೆಯಲ್ಲೇ ಕಳ್ಳ ಬಾಡಿಗೆಗೆ ಇದ್ದ ಹಾಗೆ. ಹೊರಗೆ ಸುತ್ತುವ ಆ್ಯಂಟಿಬಾಡಿ ಒಂದರಿಂದಲೇ ಅದನ್ನು ಹಿಡಿಯಲು ಆಗುವುದಿಲ್ಲ. ಟಿ ಕೋಶಗಳು, ಅಂದರೆ ರೋಗಾಣು ಹೊಕ್ಕ ಕೋಶಗಳನ್ನು ಗುರುತಿಸುವ ಒಂದು ಬಗೆಯ ಬಿಳಿ ರಕ್ತಕೋಶಗಳು, ಬೇಕು. ಆ ಕೋಶಗಳು ರೋಗಾಣುವನ್ನು ಇಡಿಯಾಗಿ ನೋಡುವುದಿಲ್ಲ. ಮ್ಯಾಕ್ರೋಫೇಜ್ ತನ್ನೊಳಗಿನ ಪ್ರೋಟೀನನ್ನು ಚೂರು ಮಾಡಿ, ಎಚ್‌ಎಲ್‌ಎ ಅನ್ನುವ ಹಿಡಿಕೆಯಲ್ಲಿ ಸಿಕ್ಕಿಸಿ, ಬಾಗಿಲ ಹೊರಗೆ ತೋರಿಸುತ್ತದೆ. ಆ ಚೂರನ್ನು ಮಾತ್ರ ಟಿ ಕೋಶ ನೋಡುತ್ತದೆ. ಯಾವ ಚೂರು ಯಾವ ಹಿಡಿಕೆಯಲ್ಲಿ ಕೂರುತ್ತದೆ ಅಂತ ಊಹಿಸುವುದೇ ನೀವು ಮೂರು ತಿಂಗಳು ಮಾಡಿದ ಕೆಲಸ.

ಒಂದನ್ನು ಹತ್ತಿರದಿಂದ ನೋಡೋಣ. ಇಸ್ಯಾಟ್-6 ಪ್ರೋಟೀನ್ ನಿಮ್ಮ ಪಟ್ಟಿಯಲ್ಲೂ ಇದ್ದೇ ಇರುತ್ತದೆ, ಅಲ್ವಾ? ಜೀನ್ ಸಂಖ್ಯೆ ಆರ್‌ವಿ 3875. ಉದ್ದ ಬರೀ 95 ಅಮೈನೋ ಆಮ್ಲ, ಒಂದೊಂದಕ್ಕೆ ಒಂದು ಅಕ್ಷರ. ಎಂ, ಟಿ, ಇ, ಕ್ಯೂ, ಕ್ಯೂ, ಡಬ್ಲ್ಯೂ ಅಂತ ಶುರುವಾಗುತ್ತದೆ. ಕಂಪ್ಯೂಟರ್ ಮೊದಲು 1ರಿಂದ 15ನೇ ಅಕ್ಷರದವರೆಗೆ ಒಂದು ಚೂರು ತೆಗೆಯುತ್ತದೆ. ಆಮೇಲೆ 2ರಿಂದ 16. ಆಮೇಲೆ 3ರಿಂದ 17. ಹೀಗೆ ಜರುಗುತ್ತಾ ಹೋದರೆ 81 ಚೂರು ಸಿಗುತ್ತವೆ. ಪ್ರತಿ ಚೂರನ್ನೂ ಪ್ರತಿ ಎಚ್‌ಎಲ್‌ಎ ಬಗೆಯ ಜೊತೆ ಇಟ್ಟು, ಇದು ಎಷ್ಟು ಗಟ್ಟಿಯಾಗಿ ಕೂರಬಹುದು ಅಂತ ನೆಟ್‌ಎಂಎಚ್‌ಸಿ ಥರದ ಪ್ರೋಗ್ರಾಂ ಹೇಳುತ್ತದೆ. ಒಂದು ಪುಟ್ಟ ಪ್ರೋಟೀನಿಗೆ 81. ಇಡೀ ರೋಗಾಣುವಿಗೆ ಲೆಕ್ಕ ಹಾಕಿದರೆ ಹತ್ತು ಲಕ್ಷಕ್ಕೂ ಜಾಸ್ತಿ ಚೂರು. ಈ ಲೆಕ್ಕವನ್ನು ಡೆನ್ಮಾರ್ಕಿನವರ, ಪರೀಕ್ಷೆಯಾದ ತುಣುಕುಗಳ ದತ್ತಾಂಶ ಕೂಡಿಡುವ ಕ್ಯಾಲಿಫೋರ್ನಿಯಾದ ಐಇಡಿಬಿಯವರ, ನಮ್ಮ ದೇಶದ ವಿಜ್ಞಾನಿ ಜಿ.ಪಿ.ಎಸ್. ರಾಘವ ಅವರ ತಂಡದ ಪ್ರೋಗ್ರಾಂಗಳು ಬಿಟ್ಟಿಯಾಗಿ ಮಾಡಿಕೊಡುತ್ತವೆ. ದಾವಣಗೆರೆಯಲ್ಲಿ ಕೂತ ಒಬ್ಬ ವಿದ್ಯಾರ್ಥಿನಿಗೆ ಇದು ಸಿಗುತ್ತದೆ ಅನ್ನುವುದೇ ನನಗೆ ದೊಡ್ಡ ಸಂತೋಷ.

ಈಗ ನಿಮ್ಮ ಅಪ್ಪನ ಭಟ್ಟಿಯನ್ನೇ ನೆನಪಿಸಿಕೊಳ್ಳಿ. ಕಾದ ಮರಳಿನಲ್ಲಿ ಅಕ್ಕಿ ಅರಳುತ್ತದೆ. ಜರಡಿ ಹಿಡಿದರೆ ಮರಳು ಕೆಳಗೆ, ಮಂಡಕ್ಕಿ ಮೇಲೆ. ಜರಡಿ ಇಲ್ಲದೆ ಭಟ್ಟಿ ನಡೆಯುವುದಿಲ್ಲ. ಆದರೆ ಮಂಡಕ್ಕಿಗೆ ಉಪ್ಪು ಹಿಡಿದಿದೆಯಾ, ಗರಿಯಾಗಿದೆಯಾ ಅನ್ನುವುದು ಜರಡಿಗೆ ಗೊತ್ತಾಗುವುದಿಲ್ಲ. ಅದಕ್ಕೆ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳಬೇಕು. ನೀವು ಬಳಸಿದ ಪ್ರೋಗ್ರಾಂಗಳು ಜರಡಿಗಳು. ಒಂದೊಂದು ಜರಡಿಯ ಕಣ್ಣು ಎಷ್ಟು ದೊಡ್ಡದು ಅಂತ ತಿಳಿದಿರಬೇಕು.

ವ್ಯಾಕ್ಸಿಜೆನ್ ತಗೊಳ್ಳಿ. 2007ರಲ್ಲಿ ಬಂದದ್ದು. ಬ್ಯಾಕ್ಟೀರಿಯಾಕ್ಕೆ 100 ಗೊತ್ತಿದ್ದ ಆ್ಯಂಟಿಜೆನ್ (ದೇಹದ ರಕ್ಷಣೆಯನ್ನು ಎಬ್ಬಿಸುವ ಪ್ರೋಟೀನು), 100 ಆ್ಯಂಟಿಜೆನ್ ಅಲ್ಲದ ಪ್ರೋಟೀನು ಇಟ್ಟುಕೊಂಡು ಅದನ್ನು ಕಲಿಸಿದರು. ಕಲಿತದ್ದು ಇಡೀ ಪ್ರೋಟೀನುಗಳಿಂದ. ನಾವು ಅದಕ್ಕೆ 9 ಅಕ್ಷರದ ಚೂರು ಕೊಟ್ಟು ಅಂಕ ಕೇಳುತ್ತೇವೆ. ಅದು ಅಂಕ ಕೊಟ್ಟೇ ಕೊಡುತ್ತದೆ, ಬೇಡ ಅನ್ನಲು ಅದಕ್ಕೆ ಬರುವುದಿಲ್ಲ. ನೀವು ಸೇರಿಸಿ ಕಟ್ಟಿದ ಉದ್ದ ಸರಪಣಿಗೆ ಬಂದ 0.9 ಕೂಡ ಹಾಗೆಯೇ. ಅಂಥ ಪ್ರೋಟೀನು ಪ್ರಕೃತಿಯಲ್ಲಿ ಎಲ್ಲೂ ಇಲ್ಲ, ಅದರಂಥದ್ದನ್ನು ಆ ಪ್ರೋಗ್ರಾಂ ಕಲಿತೂ ಇಲ್ಲ.

ಡಾಕಿಂಗ್ ಬಗ್ಗೆ ನನ್ನ ಅಭಿಪ್ರಾಯ ಇನ್ನೂ ಖಡಕ್ಕಾಗಿದೆ. ಲಸಿಕೆಯ ಸರಪಣಿಯನ್ನು, ರೋಗಾಣುವಿನ ಸುಳಿವು ಹಿಡಿಯುವ ನಮ್ಮ ಕೋಶದ ಪ್ರೋಟೀನಾದ ಟಿಎಲ್‌ಆರ್-4ರ ಮೇಲೆ ಕೂರಿಸಿ ಬಣ್ಣದ ಚಿತ್ರ ಹಾಕುವುದು ಈಗ ವಾಡಿಕೆಯಾಗಿಬಿಟ್ಟಿದೆ. ಎರಡು ದೊಡ್ಡ ಪ್ರೋಟೀನುಗಳನ್ನು ಕೊಟ್ಟರೆ ಡಾಕಿಂಗ್ ಪ್ರೋಗ್ರಾಂ ಎಲ್ಲೋ ಒಂದು ಕಡೆ ಅಂಟಿಸಿಯೇ ತೀರುತ್ತದೆ. ದೇಹದಲ್ಲಿ ಹಾಗೆ ಅಂಟುತ್ತದೆ ಅನ್ನುವುದಕ್ಕೆ ಅದು ಸಾಕ್ಷಿ ಅಲ್ಲ. ಪ್ರೋಟೀನಿನ ಆಕಾರ ಊಹಿಸುವ ಆಲ್ಫಾಫೋಲ್ಡ್ ಪ್ರೋಗ್ರಾಂ ಈ ವಿಷಯದಲ್ಲಿ ಪ್ರಾಮಾಣಿಕ. ತನ್ನ ಊಹೆಯ ಮೇಲೆ ತನಗೇ ಎಷ್ಟು ಭರವಸೆ ಅಂತ ಪ್ರತಿ ಅಕ್ಷರಕ್ಕೂ ಒಂದು ಅಂಕ ಕೊಡುತ್ತದೆ. ನಿಮ್ಮ ಸರಪಣಿಯನ್ನು ಅದಕ್ಕೆ ಕೊಟ್ಟು, ಆ ಅಂಕ ಎಲ್ಲೆಲ್ಲಿ ಕೆಳಗಿದೆ ಅಂತ ನೋಡಿ. ಕೆಳಗಿರುವ ಜಾಗದ ಆಕಾರ ನಂಬಿಕೊಂಡು ಡಾಕಿಂಗ್ ಮಾಡಿದ್ದರೆ ಆ ಅಧ್ಯಾಯವನ್ನು ಪ್ರಾಜೆಕ್ಟಿನಿಂದ ತೆಗೆದುಬಿಡಿ. ತೆಗೆದರೆ ಪ್ರಾಜೆಕ್ಟ್ ತೂಕ ಕಳೆದುಕೊಳ್ಳುವುದಿಲ್ಲ, ಗಟ್ಟಿಯಾಗುತ್ತದೆ.

ಶೇ. 98 ಜನರಿಗೆ ಹೊಂದುತ್ತದೆ ಅನ್ನುವುದು? ಎಚ್‌ಎಲ್‌ಎ ಹಿಡಿಕೆಯಲ್ಲಿ ಹತ್ತಾರು ಸಾವಿರ ಬಗೆ ಇವೆ. ಯಾವ ಜನರಲ್ಲಿ ಯಾವ ಬಗೆ ಎಷ್ಟು ಅನ್ನುವ ಪಟ್ಟಿ ಮೇಲೆ ಆ ಲೆಕ್ಕ ನಿಂತಿದೆ. ಯುರೋಪಿನವರ, ಅಮೆರಿಕದವರ ವಿವರ ಅದರಲ್ಲಿ ದಂಡಿಯಾಗಿದೆ. ನಮ್ಮದು ಕಡಿಮೆ. ಅದರ ಮೇಲೆ ನಮ್ಮಲ್ಲಿ ಮದುವೆಗಳು ತಲೆಮಾರುಗಳಿಂದ ಜಾತಿಯೊಳಗೇ ಆಗುತ್ತಾ ಬಂದಿವೆ. ಒಂದೇ ಬೀದಿಯ ಎರಡು ಸಮುದಾಯಗಳ ಎಚ್‌ಎಲ್‌ಎ ಬೇರೆ ಬೇರೆ ಇರಬಹುದು. ‘ಭಾರತ’ ಅಂತ ಒಂದೇ ಗುಂಡಿ ಒತ್ತಿದರೆ ಇದೆಲ್ಲ ಒಂದೇ ಸರಾಸರಿಯಲ್ಲಿ ಕರಗಿಹೋಗುತ್ತದೆ. ದಕ್ಷಿಣ ಭಾರತದ ಜನರ ಪ್ರಕಟವಾದ ಎಚ್‌ಎಲ್‌ಎ ವಿವರ ಹುಡುಕಿ, ಅದರ ಮೇಲೆ ಮತ್ತೆ ಲೆಕ್ಕ ಹಾಕಿ. ಶೇಕಡಾ ಕಡಿಮೆಯಾದರೆ ಆಗಲಿ. ಜಗತ್ತಿನ ಟಿಬಿ ರೋಗಿಗಳಲ್ಲಿ ಹೆಚ್ಚುಕಡಿಮೆ ಕಾಲು ಭಾಗ ನಮ್ಮ ದೇಶದವರು. ಲಸಿಕೆ ಮೊದಲು ಬೇಕಾದದ್ದು ಇಲ್ಲಿಗೆ.

ಇನ್ನು ಒಂದು ಮಾತು. ಇದನ್ನು ನಿಧಾನವಾಗಿ ಓದಿ, ಯಾಕಂದರೆ ಟಿಬಿಯ ಗುಟ್ಟೆಲ್ಲ ಇಲ್ಲೇ ಇದೆ ಅಂತ ನನಗೆ ಅನಿಸುತ್ತದೆ. ನೀವು ‘ಬದಲಾಗದ ತುಣುಕುಗಳನ್ನೇ ಆರಿಸಿದೆ’ ಅಂತ ಬರೆದಿರುತ್ತೀರಿ. ಎಲ್ಲರೂ ಬರೆಯುತ್ತಾರೆ. ಫ್ಲೂ, ಎಚ್‌ಐವಿಯಲ್ಲಿ ಅದು ಸರಿಯಾದ ಯೋಚನೆ. ಅಲ್ಲಿ ರೋಗಾಣು ನಮ್ಮ ಕಣ್ಣು ತಪ್ಪಿಸಲು ವೇಷ ಬದಲಿಸುತ್ತಲೇ ಇರುತ್ತದೆ. ಬದಲಿಸಲಾಗದ ಜಾಗ ಸಿಕ್ಕರೆ ಅದೇ ಅದರ ಮರ್ಮ. ಆದರೆ 2010ರಲ್ಲಿ ಜಗತ್ತಿನ ಬೇರೆ ಬೇರೆ ಕಡೆಯ 21 ಟಿಬಿ ತಳಿಗಳ ಜೀನೋಮ್ ಹೋಲಿಸಿ ನೋಡಿದಾಗ ಉಲ್ಟಾ ಕಂಡಿತು. ನಮ್ಮ ಟಿ ಕೋಶಗಳು ಗುರುತಿಸುವ ಜಾಗಗಳೇ ಅತಿ ಕಡಿಮೆ ಬದಲಾಗಿದ್ದವು. ರೋಗಾಣು ಅವನ್ನು ಅಡಗಿಸಲು ನೋಡಿಯೇ ಇಲ್ಲ.

ಯಾಕೆ? ಒಂದು ವಿವರಣೆ ಹೀಗಿದೆ. ಟಿಬಿ ಒಬ್ಬರಿಂದ ಇನ್ನೊಬ್ಬರಿಗೆ ಹೋಗುವುದು ಕೆಮ್ಮಿನಿಂದ. ಕೆಮ್ಮಿನಲ್ಲಿ ರೋಗಾಣು ಹೊರಗೆ ಬರಬೇಕಾದರೆ ಶ್ವಾಸಕೋಶದಲ್ಲಿ ಗೂಡು ಬೀಳಬೇಕು. ಆ ಗೂಡು ಬೀಳುವುದರಲ್ಲಿ ನಮ್ಮದೇ ಟಿ ಕೋಶಗಳ ಹೋರಾಟದ ಪಾಲು ದೊಡ್ಡದು. ಅಂದರೆ ನಮ್ಮ ಸೈನ್ಯ ತನ್ನನ್ನು ನೋಡಲಿ, ಗುರುತಿಸಲಿ ಅಂತಲೇ ರೋಗಾಣು ಆ ತುಣುಕುಗಳನ್ನು ಮುಂದೆ ಹಿಡಿದಿರಬಹುದು. ಹಾಗಿದ್ದರೆ ಬದಲಾಗದ, ಗಟ್ಟಿಯಾಗಿ ಕೂರುವ, ಅಂಕ ಜಾಸ್ತಿ ಇರುವ ತುಣುಕು ಅಂತ ನಾವು ಸಂಭ್ರಮದಿಂದ ಆರಿಸಿದ್ದು ರೋಗಾಣುವೇ ನಮ್ಮ ಕೈಗೆ ಕೊಟ್ಟದ್ದು ಆಗಿರಬಹುದು. ಎಲ್ಲ ತುಣುಕೂ ಹಾಗೆ ಅಂತ ಹೇಳುತ್ತಿಲ್ಲ. ಆದರೆ ಈ ಪ್ರಶ್ನೆ ಕೇಳದ ಟಿಬಿ ಪ್ರಾಜೆಕ್ಟ್ ಅರ್ಧ ಪ್ರಾಜೆಕ್ಟ್.

ಇದರ ಪೆಟ್ಟು ಏನು ಅಂತ 2013ರಲ್ಲಿ ನೋಡಿದ್ದೇವೆ. 85ಎ ಅನ್ನುವ ಆ್ಯಂಟಿಜೆನ್ ಎಲ್ಲರಿಗೂ ಪ್ರಿಯವಾದದ್ದು. ಅದನ್ನು ಇಟ್ಟು ಮಾಡಿದ ಎಂವಿಎ 85ಎ ಲಸಿಕೆಯನ್ನು ದಕ್ಷಿಣ ಆಫ್ರಿಕಾದಲ್ಲಿ 2,797 ಮಕ್ಕಳ ಮೇಲೆ ಪರೀಕ್ಷಿಸಿದರು. ಟಿ ಕೋಶಗಳು ಎದ್ದವು. ಆದರೆ ಟಿಬಿ ಕಡಿಮೆ ಆಗಲಿಲ್ಲ. ಅದರ ಅಣ್ಣನಂಥ 85ಬಿಯನ್ನು ಇಲಿಗಳಲ್ಲಿ ನೋಡಿದರೆ, ರೋಗಾಣು ಮೊದಲ ಕೆಲವು ವಾರ ಅದನ್ನು ಜೋರಾಗಿ ತಯಾರಿಸಿ ಆಮೇಲೆ ಇಳಿಸಿಬಿಡುತ್ತದೆ. ಸೈನ್ಯ ತಯಾರಾಗಿ ಬರುವ ಹೊತ್ತಿಗೆ ಹುಡುಕಬೇಕಾದ ಮುಖವೇ ಕಾಣುವುದಿಲ್ಲ. ರೋಗಾಣು ಯಾವಾಗ ಯಾವ ಜೀನನ್ನು ಹಚ್ಚುತ್ತದೆ, ಯಾವಾಗ ನಂದಿಸುತ್ತದೆ ಅನ್ನುವ ಪ್ರಕಟಿತ ದತ್ತಾಂಶ ಬೇಕಾದಷ್ಟಿದೆ. ನಿಮ್ಮ ಜರಡಿಗಳ ಸಾಲಿಗೆ ಅದನ್ನು ಸೇರಿಸಿ. ಡಾಕಿಂಗ್‌ಗಿಂತ ಸಾವಿರ ಪಾಲು ಉಪಯೋಗ.

ಭರವಸೆ ಇಲ್ಲ ಅಂತ ತಿಳಿಯಬೇಡಿ. ಎಂ72 ಅನ್ನುವ ಲಸಿಕೆಯಲ್ಲಿ ಟಿಬಿಯ ಎರಡೇ ಪ್ರೋಟೀನುಗಳನ್ನು ಜೋಡಿಸಿ, ಜೊತೆಗೆ ರೋಗನಿರೋಧಕ ಶಕ್ತಿಯನ್ನು ಬಡಿದೆಬ್ಬಿಸುವ ಸಹಾಯಕ ಮದ್ದು ಸೇರಿಸಿದ್ದಾರೆ. ಆಫ್ರಿಕಾದ ಮೂರು ದೇಶಗಳಲ್ಲಿ, ಮೈಯಲ್ಲಿ ಟಿಬಿ ಸುಪ್ತವಾಗಿದ್ದ ಮೂರು ಸಾವಿರಕ್ಕೂ ಹೆಚ್ಚು ದೊಡ್ಡವರಲ್ಲಿ ನೋಡಿದರು. ಮೂರು ವರ್ಷದಲ್ಲಿ ಲಸಿಕೆ ಹಾಕಿದವರಲ್ಲಿ 13 ಜನಕ್ಕೆ ಟಿಬಿ ಬಂತು, ಹಾಕದವರಲ್ಲಿ 26 ಜನಕ್ಕೆ. ಅರ್ಧಕ್ಕರ್ಧ. 2024ರಲ್ಲಿ ಇದರ ದೊಡ್ಡ ಪ್ರಯೋಗ ದಕ್ಷಿಣ ಆಫ್ರಿಕಾದಲ್ಲಿ ಶುರುವಾಯಿತು, 20,000 ಜನರವರೆಗೆ ಸೇರಿಸುವ ಲೆಕ್ಕದಲ್ಲಿ. ಆ ಎರಡು ಪ್ರೋಟೀನು ಸಿಕ್ಕಿದ್ದು ಹೇಗೆ ಗೊತ್ತಾ? ಟಿಬಿ ತಗುಲಿದ್ದ ಜನರ ರಕ್ತದ ಕೋಶಗಳು ಯಾವುದಕ್ಕೆ ಎಚ್ಚರವಾಗುತ್ತವೆ ಅಂತ ನೋಡಿ ನೋಡಿ.

ಅದಕ್ಕೇ ನಿಮ್ಮ ಮುಂದಿನ ಹೆಜ್ಜೆಯನ್ನು ಹೀಗೆ ಇಡಿ ಅಂತ ಹೇಳುತ್ತೇನೆ. ಮೊದಲನೆಯದು ಲ್ಯಾಪ್‌ಟಾಪಿನಲ್ಲೇ, ಈ ವಾರವೇ ಆಗುತ್ತದೆ. ಟಿಬಿ ರೋಗಿಗಳ ರಕ್ತದಲ್ಲಿ ನಿಜವಾಗಿ ಕೆಲಸ ಮಾಡಿವೆ ಅಂತ ಪರೀಕ್ಷೆಯಾದ ತುಣುಕುಗಳೂ, ಪರೀಕ್ಷೆ ಮಾಡಿ ಕೆಲಸ ಮಾಡಿಲ್ಲ ಅಂತ ಗೊತ್ತಾದ ತುಣುಕುಗಳೂ ಐಇಡಿಬಿಯಲ್ಲಿ ಇವೆ. ಎರಡನ್ನೂ ಬೆರೆಸಿ ನಿಮ್ಮ ಜರಡಿಗಳಲ್ಲಿ ಹಾಯಿಸಿ. ಬೇರೆಯಾಗುತ್ತವಾ ನೋಡಿ. ಇಸ್ಯಾಟ್-6ರ 95 ಅಕ್ಷರಗಳನ್ನು ಇಸ್ಪೀಟ್ ಎಲೆ ಕಲಸಿದ ಹಾಗೆ ಕಲಸಿ, ಆ ಸುಳ್ಳು ಪ್ರೋಟೀನನ್ನೂ ಹಾಯಿಸಿ. ನಾನು ಮೊದಲ ಸಲ ಹೀಗೆ ಮಾಡಿದಾಗ ಕಲಸಿದ ಪ್ರೋಟೀನಿಗೂ ಒಳ್ಳೆಯ ಅಂಕ ಬಂದು ರಾತ್ರಿಯೆಲ್ಲ ನಿದ್ದೆ ಬರಲಿಲ್ಲ. ಆಮೇಲೆ ಯಾವ ಜರಡಿ ಹರಿದಿದೆ ಅಂತ ಒಂದೊಂದಾಗಿ ಹುಡುಕಿದೆ. ಆ ಒಂದು ರಾತ್ರಿ ನನಗೆ ಬಹಳ ಕಲಿಸಿತು. ನಿಮ್ಮ ಪ್ರಾಜೆಕ್ಟಿನಲ್ಲಿ ಈ ಒಂದು ಪುಟ ಇದ್ದರೆ, ಓದುವವರು ಉಳಿದ ಪುಟಗಳನ್ನೂ ನಂಬುತ್ತಾರೆ.

ಎರಡನೆಯದಕ್ಕೆ ಗೈಡ್ ಬೇಕು, ಮೆಡಿಕಲ್ ಕಾಲೇಜಿನ ಜೊತೆ ಬೇಕು, ನೈತಿಕ ಸಮಿತಿಯ ಒಪ್ಪಿಗೆ ಬೇಕು. ಪಟ್ಟಿಯ ಮೇಲಿನ ಐದಾರು ತುಣುಕುಗಳನ್ನು ಪೆಪ್ಟೈಡ್ ಆಗಿ, ಅಂದರೆ ಲ್ಯಾಬಿನಲ್ಲಿ ಜೋಡಿಸಿದ ಪುಟ್ಟ ಪ್ರೋಟೀನ್ ಚೂರಾಗಿ, ಮಾಡಿಸಬಹುದು. ಮಾಡಿಕೊಡುವ ಕಂಪನಿಗಳಿವೆ. ಬಿಳಿ ಪುಡಿ, ಸಣ್ಣ ಟ್ಯೂಬಿನಲ್ಲಿ ಬರುತ್ತದೆ. ಅದು ರೋಗಾಣು ಅಲ್ಲ, ಅದರಿಂದ ಟಿಬಿ ಬರುವುದಿಲ್ಲ. ಹಾಗಾಗಿ ಜೀವಂತ ಟಿಬಿಗೆ ಬೇಕಾದ ಭದ್ರತೆಯ ಲ್ಯಾಬ್ ಇದಕ್ಕೆ ಬೇಕಿಲ್ಲ, ರಕ್ತ ಮುಟ್ಟುವಾಗಿನ ಎಚ್ಚರ ಸಾಕು. 96 ಗುಳಿಯ ತಟ್ಟೆಯಲ್ಲಿ ರಕ್ತದ ಬಿಳಿ ಕೋಶಗಳನ್ನು ಹಾಕಿ, ಪೆಪ್ಟೈಡ್ ಸೇರಿಸಿ, ಒಂದು ರಾತ್ರಿ ಬೆಚ್ಚಗೆ ಇಡುತ್ತಾರೆ. ಆ ತುಣುಕನ್ನು ಗುರುತಿಸಿದ ಟಿ ಕೋಶ ಇಂಟರ್‌ಫೆರಾನ್ ಗಾಮಾ ಅನ್ನುವ ಸಂದೇಶದ ಪ್ರೋಟೀನು ಬಿಡುತ್ತದೆ. ಮಾರನೇ ದಿನ ಬಣ್ಣ ಹಾಕಿದರೆ ಆ ಕೋಶ ಇದ್ದ ಜಾಗದಲ್ಲಿ ಒಂದು ಚುಕ್ಕಿ ಮೂಡುತ್ತದೆ. ಎಲಿಸ್ಪಾಟ್ ಅಂತ ಇದರ ಹೆಸರು. ಒಂದು ಚುಕ್ಕಿ ಅಂದರೆ ಒಂದು ಕೋಶ. ಕಂಪ್ಯೂಟರ್ ಊಹಿಸಿದ್ದಕ್ಕೆ ಮನುಷ್ಯನ ರಕ್ತ ಹೌದು ಅಂದದ್ದು ನೀಲಿ ಚುಕ್ಕಿಯಾಗಿ ಕಣ್ಣಿಗೆ ಕಾಣುತ್ತದೆ. ಪೆಪ್ಟೈಡ್ ಹಾಕದ ಗುಳಿಗಳನ್ನೂ ಜೊತೆಗೆ ಇಡಲೇಬೇಕು. ಇಲ್ಲದಿದ್ದರೆ ಚುಕ್ಕಿಗೆ ಅರ್ಥವಿಲ್ಲ.

ಯಾರ ರಕ್ತ? ವಾಸಿಯಾದವರದ್ದು ಅಂತ ಮೊದಲು ಹೊಳೆಯುತ್ತದೆ. ನಿಮ್ಮ ಅಪ್ಪನಂಥವರದ್ದು. ಅವರ ರಕ್ತದಲ್ಲಿ ಟಿಬಿಯ ನೆನಪಿರುವ ಕೋಶಗಳು ಇರುತ್ತವೆ. ಆದರೆ ಒಮ್ಮೆ ವಾಸಿಯಾದವರಿಗೆ ಟಿಬಿ ಮತ್ತೆ ಬರಬಹುದು. ನೆನಪಿದ್ದ ಮಾತ್ರಕ್ಕೆ ರಕ್ಷಣೆ ಇದೆ ಅಂತ ಅಲ್ಲ. ಭಟ್ಟಿಯ ಹೊಗೆ, ದೂಳಿನ ನಡುವೆ ಕೆಲಸ ಮಾಡುವವರು. ಅಪ್ಪನಿಗೆ ಎರಡು ವಾರಕ್ಕಿಂತ ಜಾಸ್ತಿ ಕೆಮ್ಮು ಬಂದರೆ ತಡಮಾಡದೆ ಕಫ ಪರೀಕ್ಷೆ ಮಾಡಿಸಿ.

ನಿಮ್ಮ ಪತ್ರದಲ್ಲಿ ನನ್ನ ಮನಸ್ಸಿಗೆ ತಟ್ಟಿದ ಸಾಲು ಬೇರೆ. ಅವ್ವನಿಗೆ ಏನೂ ಆಗಲಿಲ್ಲ ಅಂತ ಬರೆದಿದ್ದೀರಿ. ಟಿಬಿ ರೋಗಾಣು ಮೈ ಹೊಕ್ಕವರಲ್ಲಿ ನೂರಕ್ಕೆ ಸುಮಾರು 90 ಜನ ಜೀವನಪೂರ್ತಿ ಕಾಯಿಲೆ ಬೀಳುವುದೇ ಇಲ್ಲ. ಒಂದೇ ಮನೆ, ಒಂದೇ ಗಾಳಿ. ಒಬ್ಬರು ಬಿದ್ದರು, ಒಬ್ಬರು ಬೀಳಲಿಲ್ಲ. ಬೀಳದವರ ಟಿ ಕೋಶಗಳು ಯಾವ ತುಣುಕನ್ನು ನೋಡುತ್ತಿವೆ, ಬಿದ್ದವರದ್ದು ಯಾವುದನ್ನು ನೋಡುತ್ತಿದ್ದವು? ಈ ಎರಡು ಪಟ್ಟಿಯ ನಡುವಿನ ವ್ಯತ್ಯಾಸ ಬೇಕು ನಮಗೆ. ಅದು ಸಿಕ್ಕರೆ ಆಗ ಕಂಪ್ಯೂಟರಿಗೆ ಕಲಿಸಲು ನಿಜವಾದ ಪಾಠ ಸಿಗುತ್ತದೆ. ಹಿಡಿಕೆಯಲ್ಲಿ ಕೂರುವ ತುಣುಕು ಯಾವುದು ಅಂತ ಕೇಳುವುದನ್ನು ಬಿಟ್ಟು, ಕಾಪಾಡುವ ತುಣುಕು ಯಾವುದು ಅಂತ ಅದನ್ನು ಕೇಳಬಹುದು.

ನಿಮ್ಮ ಮನೆಯವರ ರಕ್ತವನ್ನು ನೀವೇ ತೆಗೆದು ಪ್ರಯೋಗ ಮಾಡಬೇಡಿ. ಅದು ಸರಿಯಲ್ಲ, ಒಪ್ಪಿಗೆಯೂ ಸಿಗುವುದಿಲ್ಲ. ಆದರೆ ಟಿಬಿ ರೋಗಿಗಳ ಮನೆಯವರನ್ನು, ಕಾಯಿಲೆ ಬೀಳದವರನ್ನು ಸೇರಿಸಿಕೊಂಡು ಒಂದು ಪುಟ್ಟ ಅಧ್ಯಯನಕ್ಕೆ ಎರಡು ಪುಟದ ಟಿಪ್ಪಣಿ ಬರೆಯಿರಿ. ಅವ್ವನಿಗೆ ಮುಂಜಾಗ್ರತೆಯ ಮಾತ್ರೆ ಕೊಟ್ಟಿದ್ದರಾ ಅಂತಲೂ ಕೇಳಿ. ಕೊಟ್ಟಿಲ್ಲ ಅಂದರೆ ಹತ್ತಿರದ ಆರೋಗ್ಯ ಕೇಂದ್ರದಲ್ಲಿ ವಿಚಾರಿಸಿ. ಅಧ್ಯಯನಕ್ಕಿಂತ ಅದು ಮೊದಲು. ಟಿಪ್ಪಣಿ ಬರೆದಾದ ಮೇಲೆ ನನಗೆ ಕಳಿಸಿ. ಅದರಲ್ಲಿ ವ್ಯಾಕ್ಸಿಜೆನ್ ಅಂಕ ಬೇಡ. ಆರಿಸಿದ ಪ್ರತಿ ತುಣುಕಿನ ಮುಂದೆ ಅದರ ಆರ್‌ವಿ ಸಂಖ್ಯೆ, ರೋಗಾಣು ಆ ಜೀನನ್ನು ಯಾವಾಗ ಹಚ್ಚುತ್ತದೆ, ಆ ತುಣುಕನ್ನು ಯಾಕೆ ಆರಿಸಿದಿರಿ, ಇಷ್ಟು ಬರೆದಿರಿ ಸಾಕು. ಕೂತು ಒಂದೊಂದೇ ನೋಡೋಣ.